ವೈರಲ್ ನ್ಯುಮೋನಿಯಾ: ಎಕ್ಸ್‌ರೇ ಯಾವಾಗ, ಸಿ.ಟಿ. ಯಾವಾಗ, ಎರಡೂ ಬೇಡ ಯಾವಾಗ

ಜ್ವರ, ಕೆಮ್ಮು ನಾಲ್ಕು ದಿನ ದಾಟಿದರೆ ಸಾಕು, ‘ಸಾಹೇಬ್ರ, ಎದಿದೊಂದು ಫೋಟೊ ತಗಸೂಣೇನ್ರಿ’ ಎಂದು ಕೇಳುವುದು ಹುಬ್ಬಳ್ಳಿ-ಧಾರವಾಡದ ಕಡೆ ಹಳೆಯ ರೂಢಿ. ಕೋವಿಡ್ ಬಂದುಹೋದ ಮೇಲೆ ಆ ಫೋಟೊದ ಜಾಗದಲ್ಲಿ ಸಿ.ಟಿ. ಸ್ಕ್ಯಾನ್ ಬಂದು ಕೂತಿದೆ. ಎರಡೂ ಉಪಯೋಗದವೇ, ಆದರೆ ಚೀಟಿ ಬರೆಯುವ ಮೊದಲು ಕೇಳಿಕೊಳ್ಳಬೇಕಾದ್ದು ಒಂದಿದೆ: ಇದರಲ್ಲಿ ಏನು ಕಂಡರೆ ಈಗ ಕೊಡುತ್ತಿರುವ ಚಿಕಿತ್ಸೆ ಬದಲಾಗುತ್ತದೆ? ‘ಏನೂ ಬದಲಾಗುವುದಿಲ್ಲ’ ಎಂದಾದರೆ ಚಿತ್ರ ಬೇಡ. ಮುಂದೆ ಬರೆದಿರುವುದು ತಾಲ್ಲೂಕು ಆಸ್ಪತ್ರೆಯ ವೈದ್ಯರು, ದಾದಿಯರು ಮತ್ತು ಎಕ್ಸ್‌ರೇ ತಂತ್ರಜ್ಞರಿಗೆ. ಫಿಲ್ಮ್ ಹಿಡಿದುಕೊಂಡು ಓಡಾಡುವ ರೋಗಿಯ ಕಡೆಯವರಿಗೂ ಇದರಲ್ಲಿ ಕೆಲಸಕ್ಕೆ ಬರುವ ಸಂಗತಿಗಳಿವೆ.

ಮೊದಲು ಉಸಿರು ಎಣಿಸಿ

ಯಾವ ವೈರಸ್ ಎಂಬುದನ್ನು ಹೇಳುವುದು ಮೂಗು-ಗಂಟಲಿನ ಸ್ವಾಬ್, ಎದೆಯ ಚಿತ್ರವಲ್ಲ. ರೋಗ ಎಷ್ಟು ಗಂಭೀರ ಎಂಬುದನ್ನು ಹೇಳುವುದು ಉಸಿರಿನ ವೇಗ ಮತ್ತು ರಕ್ತದ ಆಮ್ಲಜನಕ. ಅಂಗಿ ಎತ್ತಿ, ರೋಗಿಯ ಜೊತೆ ಮಾತಾಡದೆ, ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಆಕ್ಸಿಮೀಟರ್ ಹಾಕುವ ಬೆರಳಿನಲ್ಲಿ ನೇಲ್ ಪಾಲಿಶ್ ಇರಬಾರದು, ದಟ್ಟ ಮೆಹಂದಿ ಇದ್ದರೆ ಬೇರೆ ಬೆರಳು ಹುಡುಕಿ. ಬೆರಳು ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ಅರ್ಧ ನಿಮಿಷ ಒಂದೇ ಕಡೆ ನಿಂತ ಮೇಲೆ ಬರೆದುಕೊಳ್ಳಿ.

ದೊಡ್ಡವರಲ್ಲಿ ಆಮ್ಲಜನಕ ಶೇ 94 ಅಥವಾ ಮೇಲೆ, ಉಸಿರು ನಿಮಿಷಕ್ಕೆ 24ಕ್ಕಿಂತ ಕಡಿಮೆ, ಬೇರೆ ಕಾಯಿಲೆ ಇಲ್ಲ ಎಂದರೆ ಯಾವ ಚಿತ್ರವೂ ಬೇಕಿಲ್ಲ. ವಯಸ್ಸು 60 ದಾಟಿದ್ದರೆ, ಸಕ್ಕರೆ ಕಾಯಿಲೆ, ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ, ಸ್ಟೀರಾಯ್ಡ್ ನಡೆಯುತ್ತಿದ್ದರೆ ಒಂದು ಎಕ್ಸ್‌ರೇ ತೆಗೆಸಿಡುವುದು ಸರಿ. ಮುಂದೆ ಹೋಲಿಸಲು ಅದು ಆಧಾರ. ಆಮ್ಲಜನಕ 90ರಿಂದ 93, ಅಥವಾ ಉಸಿರು 24 ಮತ್ತು ಮೇಲೆ ಇದ್ದರೆ ದಾಖಲಾತಿ, ಎಕ್ಸ್‌ರೇ ಎರಡೂ ಬೇಕು. 90ಕ್ಕಿಂತ ಕೆಳಗಿದ್ದರೆ ಮೊದಲು ಆಮ್ಲಜನಕ ಹಚ್ಚಿ, ಆಮೇಲೆ ಹಾಸಿಗೆಯ ಬಳಿಗೇ ಯಂತ್ರ ತರಿಸಿ. ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನ ಮೇಲೆ ಸರತಿಗೆ ಕೂರಿಸುವ ರೋಗಿ ಅದಲ್ಲ.

ಕೂತಾಗ 94ರ ಮೇಲಿದ್ದೂ ‘ನಾಕ ಹೆಜ್ಜಿ ಹಾಕಿದ್ರ ದಮ್ಮು ಬರ್ತದ’ ಎನ್ನುವವರನ್ನು ಬೆರಳಲ್ಲಿ ಆಕ್ಸಿಮೀಟರ್ ಇಟ್ಟುಕೊಂಡೇ ಆರು ನಿಮಿಷ ನಡೆಸಿ ನೋಡಿ. ಅಂಕಿ 4 ಅಥವಾ ಹೆಚ್ಚು ಇಳಿದರೆ ಪುಪ್ಪುಸದಲ್ಲಿ ತೊಂದರೆ ಇದೆ. ಈಗ ಎಕ್ಸ್‌ರೇಗೆ ಅರ್ಥ ಬಂತು. ಕೂತಾಗಲೇ 94ಕ್ಕಿಂತ ಕಡಿಮೆ ಇರುವವರಿಗೆ ಈ ಪರೀಕ್ಷೆ ಮಾಡಬೇಡಿ.

ಚಿತ್ರಕ್ಕಾಗಿ ಔಷಧ ಕಾಯಬಾರದು. ನಮ್ಮಲ್ಲಿ ಫ್ಲೂ ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಕೊನೆಗೆ ಇನ್ನೊಮ್ಮೆ ಏರುತ್ತದೆ. ಆ ದಿನಗಳಲ್ಲಿ ಉಸಿರಾಟದ ತೊಂದರೆಯೊಂದಿಗೆ ಬಂದವರಿಗೆ ಒಸೆಲ್ಟಾಮಿವಿರ್ (ದೊಡ್ಡವರಿಗೆ 75 ಮಿ.ಗ್ರಾಂ. ದಿನಕ್ಕೆ ಎರಡು ಸಲ, 5 ದಿನ, ಮೂತ್ರಪಿಂಡ ದುರ್ಬಲವಿದ್ದರೆ ಪ್ರಮಾಣ ಇಳಿಸಬೇಕು) ಲಕ್ಷಣ ಶುರುವಾದ 48 ಗಂಟೆಯೊಳಗೆ ಬಿದ್ದರೆ ಹೆಚ್ಚು ಉಪಯೋಗ. ಎಕ್ಸ್‌ರೇ ಸ್ವಚ್ಛವಾಗಿದೆ ಎಂದು ಅದನ್ನು ತಡೆಹಿಡಿಯುವುದು ದೊಡ್ಡ ತಪ್ಪು.

ಎಕ್ಸ್‌ರೇ: ಕೆಡುವುದು ತೆಗೆಯುವಲ್ಲೇ

ಇಲ್ಲದ ನ್ಯುಮೋನಿಯಾ ಫಿಲ್ಮ್ ಮೇಲೆ ಹುಟ್ಟುವುದಕ್ಕೆ ಬಹುತೇಕ ಕಾರಣ ಅರೆ ಉಸಿರು. ಉಸಿರು ಪೂರ್ತಿ ಎಳೆಯದಿದ್ದರೆ ಪುಪ್ಪುಸದ ಬುಡ ಮುದುಡಿ ಬೆಳ್ಳಗೆ ಕಾಣುತ್ತದೆ, ಹೃದಯ ಅಗಲವಾಗುತ್ತದೆ, ವರದಿಯಲ್ಲಿ ‘ಎರಡೂ ಬುಡದಲ್ಲಿ ಪ್ಯಾಚ್’ ಎಂದು ಬರುತ್ತದೆ. ಅದಕ್ಕೇ ಬಟನ್ ಒತ್ತುವ ಮುಂಚೆ ಒಂದು ಸಲ ಅಭ್ಯಾಸ ಮಾಡಿಸಿ. ‘ಇನ್ಸ್‌ಪಿರೇಶನ್’ ಎಂದರೆ ಯಾರಿಗೂ ತಿಳಿಯುವುದಿಲ್ಲ. ‘ಉಸರು ಪೂರಾ ಒಳಗ ಜಗ್ರಿ, ಹಂಗ ಹಿಡೀರಿ’ ಎಂದರೆ ಅಜ್ಜಿಯೂ ಹಿಡಿಯುತ್ತಾಳೆ. ಒಳ್ಳೆಯ ಫಿಲ್ಮ್‌ನಲ್ಲಿ ವಪೆಯ ಮೇಲೆ ಹಿಂಬದಿಯ ಪಕ್ಕೆಲುಬು 9ರಿಂದ 10 ಎಣಿಸಲು ಸಿಗಬೇಕು. ಏಳೋ ಎಂಟೋ ಸಿಕ್ಕರೆ, ರೋಗಿಗೆ ಶಕ್ತಿಯಿದ್ದರೆ ಇನ್ನೊಂದು ತೆಗೆಯಿರಿ. ಇಲ್ಲದಿದ್ದರೆ ‘ಉಸಿರು ಅರೆ’ ಎಂದು ಫಿಲ್ಮ್ ಮೇಲೆಯೇ ಬರೆಯಿರಿ.

ನಿಲ್ಲಬಲ್ಲವರಿಗೆ ಪಿ.ಎ. ಭಂಗಿ (ಕಿರಣ ಬೆನ್ನಿನಿಂದ ಎದೆಯ ಕಡೆಗೆ): ಎದೆ ಕ್ಯಾಸೆಟ್‌ಗೆ ತಾಗಿ, ಗದ್ದ ಮೇಲೆ, ಕೈ ಸೊಂಟದ ಮೇಲೆ, ಮೊಣಕೈ ಮುಂದಕ್ಕೆ. ಮೊಣಕೈ ಮುಂದೆ ಬಂದರೆ ಮಾತ್ರ ಭುಜದೆಲುಬು ಪುಪ್ಪುಸದ ಮೇಲಿಂದ ಸರಿಯುತ್ತದೆ. ಟ್ಯೂಬ್‌ನಿಂದ ಫಿಲ್ಮ್‌ಗೆ 180 ಸೆಂ.ಮೀ. ಕೋಣೆ ಚಿಕ್ಕದೆಂದು 120ಕ್ಕೆ ಇಳಿಸಿದರೆ ಹೃದಯ ಹಿಗ್ಗಿ ಕಾಣುತ್ತದೆ. ಎರಡೂ ಕೊರಳೆಲುಬಿನ ಒಳತುದಿಗಳು ಬೆನ್ನುಮೂಳೆಯ ನಡುಗೆರೆಯಿಂದ ಸಮದೂರದಲ್ಲಿರಬೇಕು. ರೋಗಿ ಸ್ವಲ್ಪ ತಿರುಗಿ ನಿಂತರೂ ಒಂದು ಪುಪ್ಪುಸ ಇನ್ನೊಂದಕ್ಕಿಂತ ಮಸುಕಾಗುತ್ತದೆ, ನೋಡುವವರು ಅದನ್ನು ರೋಗ ಎಂದುಕೊಳ್ಳುತ್ತಾರೆ.

ಬಟ್ಟೆ-ಒಡವೆ ವಿಷಯ ಸಣ್ಣದಲ್ಲ. ಕುಪ್ಪಸದ ಹುಕ್ಕು, ಸೀರೆಯ ಪಿನ್ನು, ಬೋರಮಾಳ, ತಾಯತ ಎಲ್ಲ ಫಿಲ್ಮ್ ಮೇಲೆ ಬರುತ್ತವೆ. ತಾಳಿ ಬಿಚ್ಚಲು ಒಪ್ಪದಿದ್ದರೆ ಒತ್ತಾಯ ಬೇಡ, ಸರವನ್ನು ಎತ್ತಿ ಗದ್ದದ ಮೇಲಕ್ಕೆ ಕಟ್ಟಿದರಾಯಿತು. ಬೆನ್ನಿಗೆ ಸರಿಸಿದರೆ ಅದು ಅಲ್ಲಿಯೂ ಕಾಣುತ್ತದೆ. ಎಲ್ಲರೂ ಮರೆಯುವುದು ಜಡೆಯನ್ನು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ ಹೆಗಲ ಮೇಲೆ ಬಿದ್ದರೆ ಪುಪ್ಪುಸದ ಮೇಲ್ತುದಿಯಲ್ಲಿ ಬಿಳಿ ಪಟ್ಟಿಯಾಗಿ ಮೂಡುತ್ತದೆ. ಅದು ಕ್ಷಯ ಕಾಣಿಸಿಕೊಳ್ಳುವ ಜಾಗ. ಜಡೆಯಿಂದಾಗಿ ಕಫ ಪರೀಕ್ಷೆಗೆ ಹೋದವರು ಇದ್ದಾರೆ. ಜಡೆ ಸುತ್ತಿ ನೆತ್ತಿಗೆ ಕಟ್ಟಿಸಿ.

ಹಾಸಿಗೆಯಲ್ಲೇ ತೆಗೆಯುವುದಾದರೆ ಆದಷ್ಟು ಕೂರಿಸಿ ತೆಗೆಯಿರಿ, ಕನಿಷ್ಠ ತಲೆಗಡೆ 45 ಡಿಗ್ರಿ ಎತ್ತಿ. ಮಲಗಿಸಿ ತೆಗೆದರೆ ಎದೆಯ ನೀರು ಹಿಂದಕ್ಕೆ ಹರಡಿ ಇಡೀ ಪುಪ್ಪುಸ ಮಸುಕಾಗುತ್ತದೆ, ಪುಪ್ಪುಸದ ಹೊರಗೆ ಸೇರಿದ ಗಾಳಿ ಮುಂದೆ ಬಂದು ಕಣ್ಣು ತಪ್ಪಿಸುತ್ತದೆ. ಏದುಸಿರಿನವರಲ್ಲಿ ಎಕ್ಸ್‌ಪೋಶರ್ ಸಮಯ ಉದ್ದವಾದಷ್ಟೂ ಚಿತ್ರ ಕದಡುತ್ತದೆ, ಹಾಗಾಗಿ ಕಿಲೊವೋಲ್ಟ್ ಸ್ವಲ್ಪ ಏರಿಸಿ ಸಮಯ ಕತ್ತರಿಸಿ. ಫಿಲ್ಮ್ ಮೇಲೆ ನಾಲ್ಕು ಸಂಗತಿ ಇರಲಿ: ಎ.ಪಿ. (ಕಿರಣ ಎದೆಯಿಂದ ಬೆನ್ನಿನ ಕಡೆಗೆ) ಎಂಬ ಗುರುತು, ಕೂತೋ ಮಲಗಿಯೋ, ದಿನಾಂಕದ ಜೊತೆ ಗಂಟೆ, ಆಗ ನಡೆಯುತ್ತಿದ್ದ ಆಮ್ಲಜನಕ ಎಷ್ಟು ಲೀಟರ್. ನಾಳೆ ಹೋಲಿಸುವವರಿಗೆ ಇವಿಲ್ಲದ ಫಿಲ್ಮ್ ಅರ್ಧ ಕುರುಡು. ಕ್ಯಾಸೆಟ್‌ಗೆ ಪ್ಲಾಸ್ಟಿಕ್ ಚೀಲ ತೊಡಿಸಿ, ರೋಗಿಗೆ ಮಾಸ್ಕ್ ಹಾಕಿಸಿ, ತೆಗೆಯುವವರು ಸೀಸದ ಏಪ್ರನ್ ಹಾಕಿ 2 ಮೀಟರ್ ದೂರ ನಿಲ್ಲಬೇಕು. ಹಿಡಿದುಕೊಳ್ಳಲು ಜೊತೆಗಾರರು ಬೇಕಾದರೆ ಗರ್ಭಿಣಿಯನ್ನು ನಿಲ್ಲಿಸಬೇಡಿ. ಆದರೆ ಗರ್ಭಿಣಿಯೇ ರೋಗಿಯಾದರೆ ಎಕ್ಸ್‌ರೇ ನಿರಾಕರಿಸಬೇಡಿ: ಎದೆಯ ಫಿಲ್ಮ್‌ನಿಂದ ಕೂಸಿಗೆ ತಲುಪುವುದು 0.01 ಮಿಲಿಗ್ರೇಗೂ ಕಡಿಮೆ, ಹಾನಿಯ ಮಾತು ಬರುವುದು 50 ಮಿಲಿಗ್ರೇ ದಾಟಿದ ಮೇಲೆ.

ನೋಡುವಾಗ

ಹಳೆಯ ಫಿಲ್ಮ್ ಇದ್ದರೆ ಅದನ್ನು ಮೊದಲು ಪಕ್ಕಕ್ಕಿಟ್ಟುಕೊಳ್ಳಿ. ಎಂದೋ ವಾಸಿಯಾದ ಕ್ಷಯದ ಕಲೆ ಹೊತ್ತವರು ನಮ್ಮ ಭಾಗದಲ್ಲಿ ಕಡಿಮೆಯಿಲ್ಲ.

ವೈರಲ್ ನ್ಯುಮೋನಿಯಾ ಸಾಮಾನ್ಯವಾಗಿ ಎರಡೂ ಕಡೆ, ಚೆದುರಿದಂತೆ, ಹಬೆ ಹಿಡಿದ ಗಾಜಿನ ಮಸುಕಿನಲ್ಲಿ ಕಾಣುತ್ತದೆ. ಮಸುಕಿನ ಹಿಂದೆ ರಕ್ತನಾಳಗಳು ಇನ್ನೂ ಗೋಚರಿಸುತ್ತವೆ. ಕೋವಿಡ್ ಅಂಚಿನಲ್ಲಿ, ಬುಡದಲ್ಲಿ ಹೆಚ್ಚು. ಫ್ಲೂ ಶ್ವಾಸನಾಳಗಳ ಸುತ್ತ ಸೇರಿಕೊಳ್ಳುವುದೂ ಉಂಟು. ಚಿತ್ರ ನೋಡಿಯೇ ‘ಇದು ಎಚ್1ಎನ್1’ ಎನ್ನುವವರನ್ನು ನಂಬಬೇಡಿ. ಮೊದಲ ಎರಡು-ಮೂರು ದಿನ ಎಕ್ಸ್‌ರೇ ಪೂರ್ತಿ ಸ್ವಚ್ಛ ಇರಬಹುದು, ಆಗ ಸಿ.ಟಿ.ಯೂ ಸ್ವಚ್ಛ ಇರಬಹುದು. ಕೋವಿಡ್‌ನಲ್ಲಿ ನೆರಳು ಉತ್ತುಂಗಕ್ಕೆ ಹೋಗುವುದು ಲಕ್ಷಣ ಶುರುವಾದ ಸುಮಾರು ಹತ್ತನೇ ದಿನಕ್ಕೆ. ಆದ್ದರಿಂದ ಫಿಲ್ಮ್ ಎಷ್ಟನೇ ದಿನದ್ದು ಎಂಬುದನ್ನು ಬಿಟ್ಟು ಓದಬಾರದು.

ಕೆಲವು ಚಿಹ್ನೆ ಕಂಡರೆ ‘ವೈರಲ್’ ಎಂಬ ಹಣೆಪಟ್ಟಿ ಕಿತ್ತು ಮತ್ತೆ ಯೋಚಿಸಿ. ಪುಪ್ಪುಸದ ಒಂದೇ ಹಾಲೆ (ಭಾಗ) ಪೂರ್ತಿ ಬೆಳ್ಳಗಾಗಿ ಕಫ ಹಳದಿಯಾಗಿದ್ದರೆ, ಅಥವಾ ಸುಧಾರಿಸುತ್ತಿದ್ದ ರೋಗಿಗೆ ಮತ್ತೆ ಜ್ವರ ಏರಿದರೆ ಬ್ಯಾಕ್ಟೀರಿಯಾ ಸೇರಿಕೊಂಡಿರಬಹುದು. ಆ್ಯಂಟಿಬಯೋಟಿಕ್ ಬೇಕಾಗುವುದು ಅಲ್ಲಿ. ಎದೆಯಲ್ಲಿ ಗಣನೀಯವಾಗಿ ನೀರು ತುಂಬುವುದು ವೈರಲ್‌ನಲ್ಲಿ ವಿರಳ. ಮೇಲ್ಭಾಗದಲ್ಲಿ ಕುಳಿ ಕಂಡರೆ ಕಫವನ್ನು ಕ್ಷಯ ಪತ್ತೆಯ ಪರೀಕ್ಷೆಗಳಾದ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್‌ಗೆ ಕಳಿಸಿ. ಹೃದಯ ದೊಡ್ಡದಾಗಿ, ಎರಡೂ ಕಡೆ ನೀರು ನಿಂತು, ಮೇಲಿನ ರಕ್ತನಾಳಗಳು ದಪ್ಪವಾಗಿದ್ದರೆ ಅದು ಹೃದಯ ಸೋತದ್ದು. ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ಲಸಿಕ್ಸ್‌ಗೆ ಇಳಿಯುವ ನೆರಳು ಅದು. ದಮ್ಮು ಜೋರಾಗಿದೆ, ಆಮ್ಲಜನಕ 85, ಎಕ್ಸ್‌ರೇ ಮಾತ್ರ ಸ್ವಚ್ಛ ಎಂದರೆ ಪುಪ್ಪುಸದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿರಬಹುದು ಎಂಬುದು ಮೊದಲು ಹೊಳೆಯಬೇಕು.

ಮಕ್ಕಳ ವಿಷಯ ಬೇರೆ. ಉಸಿರಿನ ಮಿತಿ ಎರಡು ತಿಂಗಳೊಳಗೆ 60, ಎರಡರಿಂದ ಹನ್ನೊಂದು ತಿಂಗಳಿಗೆ 50, ಒಂದರಿಂದ ಐದು ವರ್ಷದೊಳಗೆ 40. ಅಷ್ಟು ಅಥವಾ ಮೇಲಿದ್ದರೆ ನ್ಯುಮೋನಿಯಾ ಎಂದೇ ನೋಡಿಕೊಳ್ಳುತ್ತೇವೆ. ಮನೆಯಲ್ಲೇ ಚಿಕಿತ್ಸೆ ಮಾಡಬಹುದಾದ ಮಗುವಿಗೆ ವಾಡಿಕೆಯ ಎಕ್ಸ್‌ರೇ ಬೇಡ. ಪಕ್ಕೆ ಒಳಗೆ ಎಳೆಯುತ್ತಿದ್ದರೆ, ಆಮ್ಲಜನಕ ಇಳಿದಿದ್ದರೆ, ಚಿಕಿತ್ಸೆ ಶುರುಮಾಡಿ 48ರಿಂದ 72 ಗಂಟೆಯಾದರೂ ಸುಧಾರಿಸದಿದ್ದರೆ ಬೇಕು. ಕೂಸಿನ ಎದೆಯಲ್ಲಿ ಬಲ ಮೇಲ್ಭಾಗದ ತ್ರಿಕೋನದ ನೆರಳು ಬಹಳ ಸಲ ಥೈಮಸ್ ಗ್ರಂಥಿ ಅಷ್ಟೆ. ಇನ್ನೊಂದು, ಶೇಂಗಾ. ಮನೆತುಂಬ ಶೇಂಗಾ ಹರಡಿರುವ ಸುಗ್ಗಿಯಲ್ಲಿ, ಚೆನ್ನಾಗಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಲು ಶುರುಮಾಡಿ ಒಂದೇ ಕಡೆ ಉಸಿರು ಕಡಿಮೆ ಕೇಳಿದರೆ ಅದು ವೈರಸ್ ಅಲ್ಲದಿರಬಹುದು. ಶೇಂಗಾ ಬೀಜ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಉಸಿರು ಬಿಟ್ಟಾಗ ಒಂದು ಫಿಲ್ಮ್ ತೆಗೆದರೆ ಆ ಕಡೆಯ ಪುಪ್ಪುಸ ಗಾಳಿ ಬಿಡದೆ ಉಬ್ಬಿಕೊಂಡೇ ಇರುವುದು ಕಾಣಬಹುದು. ಕಾಣದಿದ್ದರೂ ಅನುಮಾನ ಗಟ್ಟಿಯಿದ್ದರೆ ಬ್ರಾಂಕೊಸ್ಕೋಪಿ (ಶ್ವಾಸನಾಳದೊಳಗೆ ನಳಿಕೆ ಇಳಿಸಿ ನೋಡುವುದು) ಇರುವಲ್ಲಿಗೆ ಕಳಿಸಿ.

ಸಿ.ಟಿ. ಬೇಕಾಗುವ ಕೆಲವೇ ಸಂದರ್ಭ

ರೋಗಿ ಹದಗೆಡುತ್ತಿದ್ದು ಎಕ್ಸ್‌ರೇ ಕಾರಣ ಹೇಳುತ್ತಿಲ್ಲ, ಹೆಪ್ಪಿನ ಅನುಮಾನ, ಕೀವು, ಫಂಗಸ್, ಕ್ಷಯ ಬೇರ್ಪಡಿಸಬೇಕು, ಅಂಗಾಂಗ ಕಸಿ ಅಥವಾ ಕೀಮೊ ಕಾರಣಕ್ಕೆ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಜ್ವರ, ಮೂರು ತಿಂಗಳಾದರೂ ದಮ್ಮು ಹೋಗಿಲ್ಲ. ಇವು ಬಿಟ್ಟರೆ ಸಿ.ಟಿ. ಬಹುತೇಕ ಸಮಾಧಾನಕ್ಕೆ. ಒಂದು ಎದೆ ಎಕ್ಸ್‌ರೇಗೆ ವಿಕಿರಣ ಸುಮಾರು 0.02 ಮಿಲಿಸೀವರ್ಟ್, ಸಾಮಾನ್ಯ ಸಿ.ಟಿ.ಗೆ ಸುಮಾರು 5ರಿಂದ 7, ಕಡಿಮೆ ಡೋಸ್ ವಿಧಾನದಲ್ಲಿ ಒಂದೂವರೆ ಆಸುಪಾಸು. ಒಮ್ಮೆ ಮಾಡಿಸಿದರೆ ಆಕಾಶ ಬೀಳುವುದಿಲ್ಲ. ವಾರಕ್ಕೊಮ್ಮೆ ‘ಸ್ಕೋರ್ ಎಷ್ಟಾಯ್ತು’ ಎಂದು ನೋಡಲು ಮಾಡಿಸುವುದಕ್ಕೆ ಮಾತ್ರ ಸಮರ್ಥನೆ ಇಲ್ಲ.

ಚೀಟಿಯಲ್ಲಿ ಬರೀ ‘ಎಚ್.ಆರ್.ಸಿ.ಟಿ.’ ಎಂದು ಬರೆದರೆ ಬಣ್ಣದ ಇಂಜೆಕ್ಷನ್ ಇಲ್ಲದ ಸ್ಕ್ಯಾನ್ ಬರುತ್ತದೆ, ಅದರಲ್ಲಿ ಹೆಪ್ಪು ಕಾಣುವುದಿಲ್ಲ. ಹೆಪ್ಪು ಹುಡುಕುವುದಾದರೆ ‘ಸಿ.ಟಿ. ಪಲ್ಮನರಿ ಆ್ಯಂಜಿಯೊ’ ಎಂದೇ ಬರೆಯಿರಿ, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ವರದಿ ಲಗತ್ತಿಸಿ, ಮೊಣಕೈ ಮಡಿಕೆಯಲ್ಲಿ 18 ಅಥವಾ 20 ಗೇಜಿನ ದಪ್ಪ ಸೂಜಿ ಹಾಕಿ ಕಳಿಸಿ. ಮುಂಗೈ ಮೇಲಿನ ತೆಳು 22 ಗೇಜ್ ಬಣ್ಣದ ಇಂಜೆಕ್ಷನ್ ತಳ್ಳುವ ಒತ್ತಡಕ್ಕೆ ತಡೆಯುವುದಿಲ್ಲ. ಅಲ್ಲಿ ಹೊಸ ಸೂಜಿ ಹುಡುಕುವಷ್ಟರಲ್ಲಿ ಸಿಲಿಂಡರ್ ಖಾಲಿಯಾಗುತ್ತಿರುತ್ತದೆ.

ಸಿ.ಟಿ. ವರದಿಯಲ್ಲಿ ಬರುವ 25ಕ್ಕೆ ಇಷ್ಟು ಎಂಬ ಸ್ಕೋರ್ ಹೀಗೆ: ಪುಪ್ಪುಸದ ಐದು ಹಾಲೆಗಳಲ್ಲಿ ಪ್ರತಿಯೊಂದಕ್ಕೂ ಎಷ್ಟು ಭಾಗ ಹಿಡಿದಿದೆ ಎಂಬುದರ ಮೇಲೆ 0ರಿಂದ 5. ಶೇ 5ಕ್ಕಿಂತ ಕಡಿಮೆಯಿದ್ದರೆ 1, ಶೇ 75 ದಾಟಿದರೆ 5. ಇದು ಕಣ್ಣಂದಾಜು, ಇಬ್ಬರು ನೋಡಿದರೆ ಒಂದೆರಡು ಅಂಕ ಆಚೀಚೆ ಆಗುತ್ತದೆ. ಕೋ-ರಾಡ್ಸ್ 1ರಿಂದ 5 ಬೇರೆಯೇ ಲೆಕ್ಕ, ಚಿತ್ರ ಕೋವಿಡ್‌ನಂತೆ ಎಷ್ಟು ಕಾಣುತ್ತದೆ ಎಂಬುದಷ್ಟೇ. ಕೋ-ರಾಡ್ಸ್ 5 ಎಂದು ಓದಿ ‘ಐದನೇ ಸ್ಟೇಜ್’ ಎಂದು ಮನೆಮಂದಿ ಎದೆ ಒಡೆದುಕೊಳ್ಳುವುದು ಬೇಡ. ಸ್ಕೋರ್ ನೋಡಿ ಸ್ಟೀರಾಯ್ಡ್ ಶುರುಮಾಡುವುದೂ ಬೇಡ. ಕೋವಿಡ್‌ನಲ್ಲಿ ಡೆಕ್ಸಾಮೆಥಾಸೋನ್ 6 ಮಿ.ಗ್ರಾಂ. ಉಪಯೋಗವಾದದ್ದು ಆಮ್ಲಜನಕ ಬೇಕಾದವರಿಗೆ ಮಾತ್ರ. ಫ್ಲೂ ನ್ಯುಮೋನಿಯಾಕ್ಕೆ ಸ್ಟೀರಾಯ್ಡ್ ವಾಡಿಕೆಯಾಗಿ ಕೊಡುವುದಿಲ್ಲ.

ಸ್ಕ್ಯಾನಿಗೆ ಕಳಿಸುವ ದಾರಿ

ಹಾನಗಲ್ಲಿನಿಂದ ಹಾವೇರಿಗೆ, ಮುಂಡರಗಿಯಿಂದ ಗದಗಿಗೆ, ಎಲ್ಲೆಡೆಯಿಂದ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆ.ಎಂ.ಸಿ.ಆರ್.ಐ.) ಆಸ್ಪತ್ರೆಗೆ. ರೋಗಿಗೆ ತೊಂದರೆಯಾಗುವುದು ಹೆಚ್ಚಾಗಿ ಯಂತ್ರದಲ್ಲಲ್ಲ, ದಾರಿಯಲ್ಲಿ. ಹೊರಡುವ ಮುಂಚೆ ವಾರ್ಡಿನಲ್ಲೇ, ಆಮ್ಲಜನಕ ಇಟ್ಟುಕೊಂಡು, ಐದು ನಿಮಿಷ ಅಂಗಾತ ಮಲಗಿಸಿ ನೋಡಿ. ಅಂಕಿ 90ಕ್ಕಿಂತ ಇಳಿದರೆ ಆತ ಸಿ.ಟಿ. ಮೇಜಿನ ಮೇಲೂ ಇಳಿಯುತ್ತಾನೆ. ಬರೀ ಸ್ಕ್ಯಾನಿಗೆ ಕಳಿಸಬೇಡಿ, ಐ.ಸಿ.ಯು. ಇರುವ ಕಡೆ ದಾಖಲಾತಿಗೇ ಕಳಿಸಿ.

ಸಿಲಿಂಡರ್ ಲೆಕ್ಕ ಬಾಯಿಪಾಠವಾಗಿರಬೇಕು. ಆಂಬುಲೆನ್ಸಿನ ಬಿ-ಟೈಪ್ ಸಿಲಿಂಡರ್ ತುಂಬಿದಾಗ ಸುಮಾರು 1500 ಲೀಟರ್, ಒತ್ತಡದ ಗೇಜ್ 150 ಕೆ.ಜಿ. (ಚದರ ಸೆಂ.ಮೀ.ಗೆ) ತೋರಿಸುತ್ತದೆ. ಗೇಜಿನ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಉಳಿದ ಲೀಟರ್. ಮುಳ್ಳು 90ರಲ್ಲಿದ್ದರೆ 900. ಗೇಜ್ ಪಿ.ಎಸ್.ಐ.ಯಲ್ಲಿದ್ದರೆ ತುಂಬಿದ್ದು 2100ರ ಆಸುಪಾಸು, ಅದನ್ನು ಮೊದಲು 14ರಿಂದ ಭಾಗಿಸಿ. ಹಾವೇರಿಯಿಂದ ಹುಬ್ಬಳ್ಳಿಗೆ ಒಂದೂವರೆ ಗಂಟೆ ಹಿಡಿದರೆ ನಿಮಿಷಕ್ಕೆ 10 ಲೀಟರ್‌ನಂತೆ 900. ಸ್ಕ್ಯಾನ್ ಹೊತ್ತಿಗೆ, ಸರತಿಗೆ ಒಂದು ಗಂಟೆ, 600. ಮರಳಲು ಮತ್ತೆ 900. ಒಟ್ಟು 2400. ದಾರಿಯಲ್ಲಿ ಲಾರಿ ಸಾಲು ನಿಂತರೆ, ಮಾಸ್ಕ್ 15 ಲೀಟರ್‌ಗೆ ಏರಿದರೆ ಎಂದು ಅರ್ಧ ಹೆಚ್ಚಿಗೆ ಸೇರಿಸಿ, 3600. ಎರಡು ಸಿಲಿಂಡರ್ ಸಾಲದು, ಮೂರು ಬೇಕು. ಸಿಲಿಂಡರ್ ಬದಲಿಸುವ ಸ್ಪ್ಯಾನರ್ ಗಾಡಿಯಲ್ಲಿದೆಯೇ ನೋಡಿ. ತುಂಬಿದ ಸಿಲಿಂಡರ್ ಇದ್ದೂ ಕೀಲಿ ಇಲ್ಲದಿದ್ದರೆ ಇದ್ದೂ ಇಲ್ಲದಂತೆ.

ಮೇಜಿನ ಮೇಲೆ ಉಸಿರು ಹಿಡಿಯಬೇಕಾದ್ದು ಹತ್ತು ಸೆಕೆಂಡಿನ ಆಸುಪಾಸು. ಆಗದಿದ್ದರೆ ಮೆಲ್ಲಗೆ ಉಸಿರಾಡಲು ಹೇಳಿ. ಅರೆಬರೆ ಹಿಡಿದು ನಡುವೆ ಕೆಮ್ಮುವುದಕ್ಕಿಂತ ಅದೇ ವಾಸಿ.

ಫಿಲ್ಮ್ ಒಯ್ಯುವವರಿಗೆ ಎರಡು ಮಾತು. ಈಗಿನ ಥರ್ಮಲ್ ಫಿಲ್ಮ್ ಬಿಸಿಗೆ ಕಪ್ಪಾಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಡಾಕ್ಟರ್ ಮುಂದೆ ಕರಿ ಹಾಳೆ ಹಿಡಿಯಬೇಕಾದೀತು. ಮಡಚಬೇಡಿ, ಸಿ.ಡಿ. ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಕೋಣೆಯ ದೀಪ, ಫ್ಲ್ಯಾಶ್ ಎರಡೂ ಆರಿಸಿ, ಫಿಲ್ಮ್‌ನ ಹಿಂದೆ ಬಿಳಿ ಬೆಳಕಿಟ್ಟು, ನೇರವಾಗಿ ನಿಂತು, ನಾಲ್ಕೂ ಮೂಲೆ ಮತ್ತು ಎಡ-ಬಲದ ಗುರುತು ಬರುವಂತೆ ತೆಗೆಯಿರಿ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಮೊದಲು ಕಳೆದುಹೋಗುವುದು ಆ ತೆಳು ಮಸುಕೇ.

ಅಲ್ಟ್ರಾಸೌಂಡ್

ಕಲಿತ ಕೈಯಿದ್ದರೆ ಹತ್ತು ನಿಮಿಷದ ಕೆಲಸ, ವಿಕಿರಣ ಇಲ್ಲ. ಎದೆಯ ಎರಡೂ ಬದಿ ಆರಾರು ಜಾಗ ನೋಡಿ. ಒಂದು ಪಕ್ಕೆಸಂದಿಯಲ್ಲಿ ಮೂರು ಅಥವಾ ಹೆಚ್ಚು ಬಿ-ಗೆರೆ (ಪೊರೆಯಿಂದ ಕೆಳಗಿಳಿಯುವ ಬಿಳಿ ಗೆರೆ), ಪುಪ್ಪುಸದ ಪೊರೆ ಒರಟಾಗಿ ತುಂಡು ತುಂಡಾಗಿ ಕಾಣುವುದು ನ್ಯುಮೋನಿಯಾದ ಕಡೆ ಬೆರಳು ತೋರಿಸುತ್ತದೆ. ಪೊರೆ ನಯವಾಗಿದ್ದು ಬಿ-ಗೆರೆ ಸಮನಾಗಿ ಹರಡಿದ್ದರೆ ಹೃದಯ ನೋಡಿ. ಯಂತ್ರ 1994ರ ಲಿಂಗಪತ್ತೆ ನಿಷೇಧ ಕಾಯ್ದೆಯಡಿ ನೋಂದಣಿಯಾಗಿರಬೇಕು, ನೋಂದಾಯಿಸಿದ ಆವರಣದಿಂದ ಹೊರಗೆ ಒಯ್ಯುವಂತಿಲ್ಲ. ಚಿಕ್ಕದೆಂದು ಬ್ಯಾಗಿನಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಎದೆ ನೋಡುವುದು ಕಾನೂನಿಗೆ ವಿರುದ್ಧ.

ಮತ್ತೆ ಯಾವಾಗ

ದಿನಕ್ಕೊಂದು ಎಕ್ಸ್‌ರೇ ಬೇಡ, ರೋಗಿ ಬದಲಾದಾಗ ಬೇಕು. ಹಠಾತ್ತನೆ ಎದೆನೋವು, ದಮ್ಮು ಏರಿದರೆ ತಕ್ಷಣ: ಪುಪ್ಪುಸದ ಹೊರಗೆ ಗಾಳಿ ಸೇರಿದೆಯೇ ನೋಡಲು. ಆದರೆ ರಕ್ತದೊತ್ತಡ ಬಿದ್ದು ಒಂದು ಕಡೆ ಉಸಿರೇ ಕೇಳದಿದ್ದರೆ ಫಿಲ್ಮ್‌ಗೆ ಕಾಯದೆ ಗಾಳಿ ತೆಗೆಯಬೇಕು. ಉಸಿರ್ನಳಿಕೆ ಹಾಕಿದ ಮೇಲೆ ಒಂದು; ಅದರ ತುದಿ ಶ್ವಾಸನಾಳ ಕವಲೊಡೆಯುವ ಜಾಗಕ್ಕಿಂತ 3ರಿಂದ 5 ಸೆಂ.ಮೀ. ಮೇಲಿರಬೇಕು. ಮೂಗಿನ ನಳಿಕೆಯಲ್ಲಿ ಮೊದಲ ಗಂಜಿ ಬಿಡುವ ಮುಂಚೆ ಅದು ಹೊಟ್ಟೆಯಲ್ಲೇ ಇದೆ ಎಂಬುದು ಖಾತ್ರಿಯಾಗಲಿ.

ಫಿಲ್ಮ್ ಸುಧಾರಿಸುವುದು ರೋಗಿಗಿಂತ ವಾರಗಟ್ಟಲೆ ತಡ. ಜ್ವರ ಬಿಟ್ಟು, ಊಟ ಹತ್ತಿ, ನಡೆದಾಗಲೂ 94 ನಿಲ್ಲುತ್ತಿದ್ದರೆ ನೆರಳು ಉಳಿದಿದ್ದರೂ ಮನೆಗೆ ಕಳಿಸಬಹುದು. 50 ದಾಟಿದವರಿಗೆ, ಬೀಡಿ-ಸಿಗರೇಟು ಸೇದುವವರಿಗೆ ಆರು ವಾರಕ್ಕೆ ಒಂದು ಎಕ್ಸ್‌ರೇ ಇರಲಿ, ನ್ಯುಮೋನಿಯಾದ ಹಿಂದೆ ಗಡ್ಡೆ ಅಡಗಿರುವುದು ಅವರಲ್ಲೇ. ತೀವ್ರ ಕೋವಿಡ್ ನ್ಯುಮೋನಿಯಾ ಆದವರಿಗೆ ಹನ್ನೆರಡು ವಾರಕ್ಕೆ ಒಂದು. ನಡುವೆ ಕೆಮ್ಮು ಎರಡು ವಾರ ದಾಟಿ ತೂಕ ಇಳಿಯುತ್ತಿದ್ದರೆ ಆ ತಾರೀಕಿಗೆ ಕಾಯದೆ, ಮೊದಲು ಕಫ ಕೊಡಿ.